ಮಕ್ಕಳ ವಸಡಿಗೆ ಲೇಸರ್ ಮಾಡಿಸುವ ಮುಂಚೆ ಇದನ್ನು ಓದಿ: ತುಮಕೂರಿನಲ್ಲಿ ನಮಗಾದ ಮೋಸ

ತುಮಕೂರಿನಲ್ಲಿ 7ರಿಂದ 12 ವರ್ಷದ ಮಕ್ಕಳಿರುವ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಗು ನಕ್ಕಾಗ ವಸಡು ಜಾಸ್ತಿ ಕಾಣುತ್ತೆ, ಲೇಸರ್‌ನಲ್ಲಿ ಸ್ವಲ್ಪ ತೆಗೆದುಬಿಡೋಣ ಅಂತ ಯಾರಾದರೂ ಹೇಳಿದರೆ ಅವತ್ತೇ ದುಡ್ಡು ಕಟ್ಟಬೇಡಿ. ನಮ್ಮ ಮನೆಯಲ್ಲಿ ದುಡ್ಡೂ ಹೋಯಿತು, ಮಗುವೂ ನೋವು ತಿಂದಳು, ಕೊನೆಗೆ ವಸಡು ಮತ್ತೆ ಬೆಳೆದು ಮೊದಲಿದ್ದ ಜಾಗಕ್ಕೇ ಬಂತು. ಹೇಳಿಕೊಳ್ಳೋಕೆ ನಾಚಿಕೆಯಾಗಿ ಇಷ್ಟು ದಿನ ಸುಮ್ಮನಿದ್ದೆ. ಮೊನ್ನೆ ಪಕ್ಕದ ಬೀದಿಯ ಇನ್ನೊಂದು ಮಗುವಿಗೂ ಅದೇ ಮಾತು ಹೇಳಿ ಕಳಿಸಿದ್ದಾರೆ ಅಂತ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮಗಳಿಗೆ ಆಗ 9 ವರ್ಷ. ಶಾಲೆಯಲ್ಲಿ ಉಚಿತ ದಂತ ತಪಾಸಣೆ ಶಿಬಿರ ಇಟ್ಟಿದ್ದರು. ಸಂಜೆ ಬ್ಯಾಗಿನಲ್ಲಿ ಒಂದು ಚೀಟಿ ಬಂತು. ‘ಗಮ್ಮಿ ಸ್ಮೈಲ್, ತುರ್ತು ಚಿಕಿತ್ಸೆ ಬೇಕು’ ಅಂತ ಬರೆದು, ಬಿ.ಎಚ್. ರಸ್ತೆ ಕಡೆಯ ಕ್ಲಿನಿಕ್ಕಿನ ಸೀಲು ಹಾಕಿದ್ದರು. ನಕ್ಕಾಗ ವಸಡು ಜಾಸ್ತಿ ಕಾಣೋದಕ್ಕೇ ಗಮ್ಮಿ ಸ್ಮೈಲ್ ಅಂತಾರೆ. ತುರ್ತು ಅನ್ನೋ ಪದ ನೋಡಿದರೆ ಯಾವ ತಾಯಿ ಸುಮ್ಮನಿರುತ್ತಾಳೆ ಹೇಳಿ. ಆ ವಾರವೇ ಹೋದೆವು.

ಅಲ್ಲಿ ಮೊದಲು ಡಾಕ್ಟರ್ ಸಿಗಲಿಲ್ಲ. ಕೌನ್ಸೆಲರ್ ಅನ್ನೋ ಹುಡುಗಿ ಸಿಕ್ಕಳು. ಮಗಳನ್ನು ನಗಿಸಿ ಫೋಟೋ ತೆಗೆದು ದೊಡ್ಡ ಟಿವಿಯಲ್ಲಿ ಹಾಕಿದಳು. ಪಕ್ಕದಲ್ಲೇ ಕಂಪ್ಯೂಟರಿನಲ್ಲಿ ತಿದ್ದಿದ ಇನ್ನೊಂದು ಫೋಟೋ, ಹಲ್ಲು ಉದ್ದ, ವಸಡು ಇಲ್ಲವೇ ಇಲ್ಲ. ಆಮೇಲೆ ಮಗು ಅಲ್ಲೇ ಕೂತಿರುವಾಗಲೇ ಹೇಳಿದಳು: “ಈಗ ಮಾಡಿಸದಿದ್ರೆ ಮುಖ ಹೀಗೇ ಸೆಟ್ ಆಗಿಬಿಡುತ್ತೆ ಮೇಡಂ. ಹೆಣ್ಣು ಮಗು ಬೇರೆ, ಯೋಚನೆ ಮಾಡಿ.” ಆ ಮಾತು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ. 9 ವರ್ಷದ ಮಗುವಿನ ಎದುರು ಆಡುವ ಮಾತಾ ಇದು? ಆ ವರ್ಷ ಶಾಲೆಯ ಐಡಿ ಕಾರ್ಡಿನ ಫೋಟೋದಲ್ಲಿ ನನ್ನ ಮಗಳು ತುಟಿ ಒತ್ತಿ ಹಿಡಿದುಕೊಂಡು ನಿಂತಿದ್ದಾಳೆ.

ಪ್ಯಾಕೇಜ್ 28 ಸಾವಿರ. ಅವತ್ತೇ ಕಟ್ಟಿದರೆ 24 ಸಾವಿರ. ಮಧ್ಯದಲ್ಲಿ ಡಾಕ್ಟರ್ ಬಂದು ಟಾರ್ಚ್ ಹಾಕಿ ಬಾಯಿ ನೋಡಿದರು, “ಸಿಂಪಲ್ ಪ್ರೊಸೀಜರ್” ಅಂದು ಎದ್ದು ಹೋದರು. ಅಳತೆ ಇಲ್ಲ, ಎಕ್ಸ್‌ರೇ ಇಲ್ಲ. ಮಗುವಿಗೆ ಯಾವುದಾದರೂ ಮಾತ್ರೆ ಕೊಡುತ್ತೀರಾ, ರಾತ್ರಿ ಹೇಗೆ ಮಲಗುತ್ತಾಳೆ, ಒಂದನ್ನೂ ಕೇಳಲಿಲ್ಲ. ಒಂದನ್ನೂ!

ಲೇಸರ್ ಮಾಡುವ ದಿನ ನಾನು ಕುರ್ಚಿಯ ಪಕ್ಕದಲ್ಲೇ ಇದ್ದೆ. ಕೂದಲು ಸುಟ್ಟ ಹಾಗೆ ವಾಸನೆ. ಮಗಳು ಅಳಲಿಲ್ಲ, ಸಾಕ್ಸ್ ಒಳಗೆ ಕಾಲ್ಬೆರಳು ಮಡಚಿ ಬಿಗಿ ಹಿಡಿದಿದ್ದಳು, ಅಷ್ಟೇ. ಮುದ್ದೆ ಸಾರು ಅಂದರೆ ಓಡಿ ಬರುವ ಮಗು, ತಣ್ಣಗಿನ ಮೊಸರನ್ನವನ್ನು ಒಂದೊಂದೇ ತುತ್ತು ನುಂಗಿದಳು. ಗಾಯ ಮಾಯಿತು. ಒಂದಷ್ಟು ದಿನ ಹಲ್ಲು ಉದ್ದ ಕಂಡಿದ್ದೂ ನಿಜ. ಆಮೇಲೆ ನಿಧಾನಕ್ಕೆ ವಸಡು ಇಳಿಯತೊಡಗಿತು. ಕೆಲವು ತಿಂಗಳಲ್ಲಿ ಹಳೇ ಫೋಟೋ ಪಕ್ಕ ಹೊಸ ಫೋಟೋ ಇಟ್ಟರೆ ಎರಡೂ ಒಂದೇ.

ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ. ಮೊದಲ ಉತ್ತರ: “ಹೀಲಿಂಗ್ ಆಗ್ತಿದೆ ಮೇಡಂ, ವೇಟ್ ಮಾಡಿ.” ಕಾದೆ. ಮತ್ತೆ ಕಳಿಸಿದೆ. “ಬ್ರಷ್ ಸರಿಯಾಗಿ ಮಾಡಿಸಿಲ್ಲ ಅನ್ಸುತ್ತೆ.” ತಪ್ಪು ನಮ್ಮದಾಯಿತು ನೋಡಿ. ಮತ್ತೆ ಕೇಳಿದರೆ, “ಒಬ್ಬೊಬ್ಬರ ಬಾಡಿ ಒಂದೊಂದು ಥರ ಮೇಡಂ.” ಕೊನೆಗೆ ಫೋನ್ ಮಾಡಿ, ತುಟಿಗೆ ಬೊಟಾಕ್ಸ್ ಇಂಜೆಕ್ಷನ್ ಕೊಟ್ಟರೆ ನಗುವಾಗ ತುಟಿ ಮೇಲೆ ಹೋಗಲ್ಲ, ನಿಮಗೆ ಅಂತ ಕಡಿಮೆ ಮಾಡಿಕೊಡ್ತೀವಿ ಅಂದರು. 9 ವರ್ಷದ ಮಗುವಿಗೆ ಬೊಟಾಕ್ಸ್! ಫೋನ್ ಇಟ್ಟೆ.

ನಮ್ಮ ಮನೆಯವರು ರಜೆ ಹಾಕಿದರು. ಬೆಂಗಳೂರಿನ ಒಂದು ದಂತ ಕಾಲೇಜಿನ ಮಕ್ಕಳ ವಿಭಾಗಕ್ಕೆ ಕರೆದುಕೊಂಡು ಹೋದೆವು. ಅಲ್ಲಿನ ಮೇಡಂ ಗೆರೆ ಹಾಕಿದ ಸಣ್ಣ ಕಡ್ಡಿಯಂಥ ಉಪಕರಣ ಹಿಡಿದು ಒಂದೊಂದು ಹಲ್ಲಿನ ಪಕ್ಕದಲ್ಲೂ ಅಳೆದರು. ನಗು ಅಂದರು, ಮಾತಾಡು ಅಂದರು, ತುಟಿ ಸಡಿಲ ಬಿಡು ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಬಾಯಿ ತೆರೆದು ಮಲಗ್ತಾಳಾ? ಗೊರಕೆ ಹೊಡೀತಾಳಾ? ಫಿಟ್ಸ್ ಮಾತ್ರೆ ಏನಾದ್ರೂ ಇದೆಯಾ?” ಅಂತ ಕೇಳಿದರು. ಬಾಯಿ ತೆರೆದೇ ಮಲಗುತ್ತಾಳೆ, ಗೊರಕೆಯೂ ಇದೆ ಅಂದೆ. ಅವರು ತಲೆ ಆಡಿಸಿ ಕೇಳಿದರು: “ಲೇಸರ್ ಮಾಡೋ ಮುಂಚೆ ಇದನ್ನ ಯಾರೂ ಕೇಳಲಿಲ್ವಾಮ್ಮ?” ಕುರ್ಚಿಯಲ್ಲಿ ಕೂತಿದ್ದವಳಿಗೆ ನೆಲ ಕುಸಿದ ಹಾಗಾಯಿತು. ನಮ್ಮನ್ನು ಎಷ್ಟು ಸುಲಭವಾಗಿ ಯಾಮಾರಿಸಿದರು ಅಂತ ಆ ಒಂದು ಪ್ರಶ್ನೆಯಲ್ಲಿ ಗೊತ್ತಾಯಿತು.

ಅವರು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಮೇಲಿನ ಮುಂದಿನ ಎರಡು ಹೊಸ ಹಲ್ಲು ಬರೋದು 7, 8 ವರ್ಷಕ್ಕೆ. ಹಲ್ಲು ಹೊರಗೆ ಬಂದರೂ ವಸಡು ಅದರ ಮೇಲೆ ಇನ್ನೂ ಹೊದ್ದುಕೊಂಡೇ ಇರುತ್ತೆ, ಹದಿಹರೆಯ ಮುಗಿಯೋ ತನಕ ನಿಧಾನಕ್ಕೆ ಮೇಲೆ ಸರಿಯುತ್ತೆ. ಹಾಗಾಗಿ ಈ ವಯಸ್ಸಿನ ಎಷ್ಟೋ ಮಕ್ಕಳಿಗೆ ಹಲ್ಲು ಗಿಡ್ಡ, ವಸಡು ಜಾಸ್ತಿ ಕಾಣುತ್ತೆ. ಕೆಲವರಿಗೆ ಮೇಲ್ದವಡೆ ಮೂಳೆಯೇ ಕೆಳಕ್ಕೆ ಉದ್ದ ಬೆಳೆದಿರುತ್ತೆ. ಕೆಲವರಿಗೆ ಮೇಲ್ತುಟಿ ಗಿಡ್ಡ, ಇಲ್ಲವೇ ನಗುವಾಗ ತೀರಾ ಮೇಲಕ್ಕೆ ಹೋಗುತ್ತೆ. ಇನ್ನು ಕೆಲವರಿಗೆ ವಸಡು ಊದಿರುತ್ತೆ. ಹಲ್ಲಿನ ಮೇಲೆ ಕೊಳೆ ಕೂತು ಊದಬಹುದು, ಬಾಯಲ್ಲಿ ಉಸಿರಾಡಿ ವಸಡು ಒಣಗಿ ಊದಬಹುದು, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಥರದ ಔಷಧಿಯಿಂದಲೂ ಊದಬಹುದು. ಕಾರಣ ಬೇರೆ ಆದರೆ ಚಿಕಿತ್ಸೆಯೂ ಬೇರೆ. ದವಡೆ ಮೂಳೆಯ ತೊಂದರೆಗೆ ವಸಡು ಕತ್ತರಿಸಿ ಏನು ಬರುತ್ತೆ?

ವಸಡು ಯಾಕೆ ವಾಪಸ್ ಬಂತು ಅಂತಲೂ ಕೇಳಿದೆ. ಮೂಳೆಯ ಅಂಚಿನಿಂದ ವಸಡಿನ ಅಂಚಿಗೆ ಸುಮಾರು 3 ಮಿಲಿಮೀಟರ್ ಜಾಗ ದೇಹಕ್ಕೆ ಬೇಕೇ ಬೇಕಂತೆ. ಅದನ್ನು ಅಳೆಯದೆ ಕತ್ತರಿಸಿದರೆ ದೇಹ ಮತ್ತೆ ಬೆಳೆಸಿಕೊಳ್ಳುತ್ತೆ. ಅದರ ಮೇಲೆ ಇವಳ ವಸಡು ಊದೋಕೆ ಕಾರಣವಾಗಿದ್ದ ಬಾಯಿ ಉಸಿರಾಟವೂ ಹಾಗೇ ಉಳಿದಿತ್ತು. ವಸಡಿನ ಆಪರೇಷನ್ ಬೇಕಾದರೂ ಸಾಮಾನ್ಯವಾಗಿ ಬೆಳವಣಿಗೆ ಮುಗಿಯುವ ಹೊತ್ತಿಗೆ ಯೋಚಿಸುತ್ತಾರೆ, ದವಡೆ ಆಪರೇಷನ್ ಬೆಳವಣಿಗೆ ನಿಂತ ಮೇಲೆಯೇ. ಹಲ್ಲಿಗೆ ಕ್ಲಿಪ್ ಹಾಕುವುದೂ ಹಲ್ಲು, ದವಡೆ ಎರಡನ್ನೂ ನೋಡಿ ತೀರ್ಮಾನಿಸುವ ವಿಷಯ. ಆದರೆ ಬಾಯಲ್ಲಿ ಉಸಿರಾಡುವುದನ್ನು ಮಾತ್ರ ಬಿಡಬೇಡಿ ಅಂದರು. ಕಿವಿ ಮೂಗು ಗಂಟಲಿನ ಡಾಕ್ಟರ್ ಹತ್ತಿರ ತೋರಿಸಿದರೆ ಮೂಗಿನ ಹಿಂದೆ ಇರುವ ಅಡಿನಾಯ್ಡ್ ಅನ್ನೋ ಗ್ರಂಥಿ ಊದಿತ್ತು. ಈಗ ಅದಕ್ಕೆ ಔಷಧಿ ನಡೀತಾ ಇದೆ. ಹಲ್ಲು ಕ್ಲೀನ್ ಮಾಡಿಸಿದ್ದೇವೆ. ಊತ ಕಣ್ಣಿಗೆ ಕಾಣುವಷ್ಟು ಇಳಿದಿದೆ.

ಕಾಲೇಜಿನ ಚೀಟಿ ಹಿಡಿದು ಕ್ಲಿನಿಕ್ಕಿಗೆ ಹೋದೆವು. “ಕಾಲೇಜಿನವರು ಪುಸ್ತಕ ನೋಡಿ ಹೇಳ್ತಾರೆ, ನಾವು ದಿನಾ ಕೇಸ್ ನೋಡೋರು” ಅಂದರು ಡಾಕ್ಟರ್. ಹಾಗಾದರೆ ಅಳತೆ ಎಲ್ಲಿ ಬರೆದಿದ್ದೀರಿ, ತೋರಿಸಿ ಅಂದರು ನಮ್ಮ ಮನೆಯವರು. ಉತ್ತರ ಇಲ್ಲ. “ಕನ್ಸೆಂಟ್ ಫಾರ್ಮ್‌ಗೆ ನೀವೇ ಸೈನ್ ಮಾಡಿದ್ದೀರಲ್ಲ ಸಾರ್?” ಅಂತ ಆ ಒಪ್ಪಿಗೆ ಪತ್ರ ಮುಂದಿಟ್ಟರು. ಪೂರ್ತಿ ಇಂಗ್ಲಿಷ್, ಸಣ್ಣ ಅಕ್ಷರ, ವಸಡು ಮತ್ತೆ ಬೆಳೆಯಬಹುದು ಅನ್ನೋ ಸಾಲು ಅದರಲ್ಲೇ ಇದೆ. ಬಾಯಲ್ಲಿ ಒಬ್ಬರೂ ಹೇಳಿರಲಿಲ್ಲ. ಅಂದರೆ ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ದುಡ್ಡು ತೆಗೆದುಕೊಂಡರು. ಬಿಲ್ಲಿನಲ್ಲಿ ಇರೋದು ‘ಸ್ಮೈಲ್ ಪ್ಯಾಕೇಜ್’ ಅನ್ನೋ ಎರಡು ಪದ ಮಾತ್ರ.

ಹಾಗಾಗಿ ನನ್ನ ಮಾತು ಕೇಳಿ. ಯಾವ ಕಾರಣಕ್ಕೆ ವಸಡು ಕಾಣ್ತಿದೆ ಅಂತ ಬರೆದುಕೊಡಿ ಅನ್ನಿ. ಬರೆದುಕೊಡದಿದ್ದರೆ ಎದ್ದು ಬನ್ನಿ. ಕ್ಲಿಪ್ ಡಾಕ್ಟರ್ ಇಲ್ಲವೇ ಮಕ್ಕಳ ದಂತ ವೈದ್ಯರ ಹತ್ತಿರ ಇನ್ನೊಮ್ಮೆ ತೋರಿಸಿ. ಏನು ಮಾಡಿದರು ಅಂತ ಬಿಡಿಬಿಡಿಯಾಗಿ ಬರೆದ ಬಿಲ್ಲು ಕೇಳಿ, ವಾಟ್ಸಾಪ್ ಮೆಸೇಜ್ ಅಳಿಸಬೇಡಿ. ಮಗುವಿನ ಮುಖದ ಬಗ್ಗೆ ಮಗುವಿನ ಎದುರೇ ಮಾತಾಡುವ ಕ್ಲಿನಿಕ್ಕಿಗೆ ಕಾಲೇ ಇಡಬೇಡಿ.

ನಾವು ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇವೆ. ವಿಚಾರಣೆ ಇರುವುದರಿಂದ ಹೆಸರು ಬರೆದಿಲ್ಲ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯೂ ಗ್ರಾಹಕರ ಕಾನೂನಿಗೆ ಬರುತ್ತೆ, 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕಟ್ಟಿದ ದುಡ್ಡು 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ, ಆದರೆ 2 ವರ್ಷದ ಒಳಗೆ ಹಾಕಬೇಕು. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ದೂರು ಕೊಟ್ಟ ಮೇಲೆ ಕ್ಲಿನಿಕ್ಕಿನವರೇ ಕರೆ ಮಾಡಿ, ಅರ್ಧ ದುಡ್ಡು ವಾಪಸ್ ಕೊಡ್ತೀವಿ, ಎಲ್ಲೂ ಬರೆಯಲ್ಲ ಅಂತ ಬರೆದುಕೊಡಿ ಅಂದರು. ಬರೆದುಕೊಡಲ್ಲ ಅಂದೆ. ಪೂರ್ತಿ 24 ಸಾವಿರ ವಾಪಸ್ ಬರಬೇಕು, ಶಾಲೆಗಳಲ್ಲಿ ಇವರ ಶಿಬಿರವೂ ನಿಲ್ಲಬೇಕು. ನಿಮ್ಮ ಮಗುವಿಗೂ ಇವರ ಚೀಟಿ ಬಂದಿದ್ದರೆ ಹರಿದು ಬಿಸಾಡಬೇಡಿ, ನನಗೆ ತಿಳಿಸಿ. ಆಯೋಗದ ಮುಂದೆ ಅದೂ ಬೇಕಾಗುತ್ತೆ.