ಸಿಲಿಂಡರಿನ ಬಣ್ಣ ನೋಡಿ ಮೋಸ ಹೋದೆ, ಗ್ಯಾಸ್ ತರಿಸುವವರು ಓದಿ

ಹದಿನೆಂಟು ವರ್ಷ ಎಸಿ, ಫ್ರಿಜ್ ಗ್ಯಾಸ್ ಮಾರಿದವನು ನಾನು. ಹೀಗೆ ಮೋಸ ಹೋದೆ ಎಂದು ಬರೆಯಲು ನಾಚಿಕೆಯಾಗುತ್ತಿದೆ. ಆದರೆ ವಿದೇಶದಿಂದ ನನಗೆ ಮಾಲು ತರಿಸಿಕೊಟ್ಟ ಮಧ್ಯವರ್ತಿಯೇ ಈಗ ಪೀಣ್ಯದ ಇನ್ನಿಬ್ಬರಿಗೆ ಅದೇ ದರಪಟ್ಟಿ ಕಳಿಸಿದ್ದಾನೆ.

ನಾನು ಕೇಳಿದ್ದು ಆರ್-134ಎ ಎಂಬ ತಂಪುಕಾರಕ ಅನಿಲ. ಇನ್‌ವಾಯ್ಸಿನಲ್ಲಿ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನವರು ಸರಕು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) 290345, ಸಿಲಿಂಡರಿಗೆ 134ಎಗೆ ಬಳಿಯುವ ತಿಳಿನೀಲಿ ಬಣ್ಣ. ದರ ಪೇಟೆಗಿಂತ ಕಡಿಮೆ. ಮಾದರಿ ಎಂದು ಒಂದು ಸಿಲಿಂಡರನ್ನೂ ಅಂಗಡಿಗೆ ಕಳಿಸಿದ್ದ. ನಾನು ಸೀಲ್ ಸಹ ಒಡೆಯಲಿಲ್ಲ. ಪೂರ್ತಿ ಹಣ ಕೊಟ್ಟೆ. ಹೌದು, ಪೂರ್ತಿ ಹಣ.

ಚೆನ್ನೈ ಬಂದರಿನಲ್ಲಿ ಕಸ್ಟಮ್ಸ್‌ನವರು ಮಾಲಿನ ಪರೀಕ್ಷೆ ಮಾಡಿಸಿದರು. ಒಳಗಿದ್ದದ್ದು ಆರ್-22. ಅದರ ಕೋಡ್ 290371. ಓಝೋನ್ ಪದರಕ್ಕೆ ಹಾನಿ ಮಾಡುವ ಅನಿಲ, ಪರವಾನಗಿ ಇಲ್ಲದೆ ತರಿಸುವಂತಿಲ್ಲ. ಸರಿಯಾದ ಕೋಡ್ ಬರೆದಿದ್ದರೆ ಪರವಾನಗಿ ಎಲ್ಲಿ ಎಂಬ ಪ್ರಶ್ನೆ ಮೊದಲೇ ಏಳುತ್ತಿತ್ತು. ಅದಕ್ಕೇ ಬರೆಯಲಿಲ್ಲ! 2022ರ ಜನವರಿಯಿಂದ 134ಎಗೆ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಆರಂಕಿಯ ಪ್ರತ್ಯೇಕ ಸಂಖ್ಯೆ ಸಿಕ್ಕಿದೆ, ಇನ್ನು ಕಣ್ಣಿಗೆ ಮಣ್ಣೆರಚುವುದು ಕಷ್ಟ ಎಂದು ನಾನೇ ನಾಲ್ಕು ಜನರಿಗೆ ಹೇಳಿಕೊಂಡು ತಿರುಗಿದ್ದೆ.

ಆ ರಾತ್ರಿ ಅಂಗಡಿಗೆ ಹೋಗಿ ಮಾದರಿಯ ಸೀಲ್ ಒಡೆದು ಒತ್ತಡ ಅಳೆಯುವ ಗೇಜ್ ಹಾಕಿದೆ. 25 ಡಿಗ್ರಿಯಲ್ಲಿ 134ಎ ಸುಮಾರು 82 ಪಿಎಸ್‌ಐ ಒತ್ತಡ ತೋರಿಸಬೇಕು. ಮುಳ್ಳು 135 ದಾಟಿತು. ಎರಡು ನಿಮಿಷದ ಕೆಲಸ. ಮೂರು ವಾರ ಅದು ನನ್ನ ಮೇಜಿನ ಪಕ್ಕದಲ್ಲೇ ಇತ್ತು.

ಮಧ್ಯವರ್ತಿಗೆ ಫೋನ್ ಮಾಡಿದರೆ, "ಸಾರ್, ಎರಡೂ 29ನೇ ಅಧ್ಯಾಯವೇ. ಕೊನೆಯ ಎರಡಂಕಿ ಮಾತ್ರ ಬೇರೆ, ಗುಮಾಸ್ತನ ಕೈತಪ್ಪು" ಎಂದ. ಗುಮಾಸ್ತನ ಕೈತಪ್ಪಿನಿಂದ ಸಿಲಿಂಡರಿಗೆ ನೀಲಿ ಬಣ್ಣವೂ ಬಂತೇ ಎಂದೆ. "ಬಿಲ್ ಆಫ್ ಎಂಟ್ರಿ ನಿಮ್ಮ ಹೆಸರಿನಲ್ಲಿದೆ, ನಮ್ಮನ್ನು ಕೇಳಬೇಡಿ" ಎಂದು ಇಟ್ಟುಬಿಟ್ಟ. ಸಿಟ್ಟು ಬಂದದ್ದು ಅವನು ಹೇಳಿದ್ದು ನಿಜವಾದ್ದರಿಂದ. ಬಿಲ್ ಆಫ್ ಎಂಟ್ರಿ ಎಂದರೆ ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ, ಅದರ ಸತ್ಯಕ್ಕೆ ಸಹಿ ಹಾಕಿದವನೇ ಹೊಣೆ. ಮಾಲು ಮುಟ್ಟುಗೋಲಾದರೂ ದಂಡ ಬಿದ್ದರೂ ನನಗೇ.

ಹಣ ಕೊಡುವ ಮೊದಲು ಗೇಜ್ ಹಾಕಿ. ಮಾಲು ಹಡಗು ಹತ್ತುವ ಮುನ್ನ ಬೇರೆಯವರಿಂದ ಪರೀಕ್ಷೆ ಮಾಡಿಸಿ. ಬಣ್ಣವನ್ನು ನಂಬಬೇಡಿ, ಕಾಗದದ ಮೇಲಿನ ಕೋಡನ್ನಂತೂ ನಂಬಲೇಬೇಡಿ. ಅದೇ ದರಪಟ್ಟಿ ಹಿಡಿದು ಯಾರಾದರೂ ಬಂದರೆ ನನ್ನ ಅಂಗಡಿಗೆ ಕಳಿಸಿ, ಆ ನೀಲಿ ಸಿಲಿಂಡರ್ ಇನ್ನೂ ಇಲ್ಲೇ ಇದೆ. ಕಂಟೈನರ್ ಮಾತ್ರ ಬಂದರಿನಲ್ಲಿ ನಿಂತಿದೆ, ಇಂದಿಗೆ 41 ದಿನ, ಬಾಡಿಗೆ ನನ್ನದೇ.