ಕ್ಲಚ್ಚಾ, ಗೇರ್ ಬಾಕ್ಸಾ? ಹಳೇ 800ರ ಮೇಲೆ ನಾನು ಮಾಡಿ ನೋಡಿದ ಪರೀಕ್ಷೆಗಳು

ನಮ್ಮನೆ ಮಾರುತಿ 800, 2004ರ ಮಾಡೆಲ್. ನಾಲ್ಕೇ ಗೇರು. ಅಪ್ಪ ಓಡಿಸಿ ನನ್ನ ಕೈಗೆ ಕೊಟ್ಟ ಗಾಡಿ, ಅದರ ಮೇಲೆ ನನಗೆ ಜೀವ. ಹೋದ ಮಳೆಗಾಲದಲ್ಲಿ ಅದಕ್ಕೆ ಎರಡು ತೊಂದರೆ ಒಟ್ಟಿಗೇ ಶುರುವಾಯಿತು. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಎಂಜಿನ್ ಜೋರಾಗಿ ಕೂಗುತ್ತಿತ್ತು, ಗಾಡಿ ಮಾತ್ರ ಎಳೆಯುತ್ತಿರಲಿಲ್ಲ. ಮೂರರಿಂದ ಎರಡನೇ ಗೇರಿಗೆ ಇಳಿಸಿದರೆ ‘ಕರ್ರ್’ ಅಂತ ಸದ್ದು.

ಒಂದು ಗ್ಯಾರೇಜಿನವರು ಕ್ಲಚ್ ಕೇಬಲ್ ಟೈಟ್ ಮಾಡಿ ಕಳಿಸಿದರು. ಇನ್ನೊಂದು ಕಡೆ “ಗೇರ್ ಬಾಕ್ಸೇ ಹೋಗಿದೆ, ಬಿಚ್ಚಬೇಕು” ಅಂದರು. ಇಬ್ಬರೂ ಗಾಡಿ ಓಡಿಸಿ ನೋಡಲೇ ಇಲ್ಲ. ಯಾರನ್ನು ನಂಬೋದು? ಕೊನೆಗೆ ನಾನೇ ಒಂದೊಂದಾಗಿ ಪರೀಕ್ಷೆ ಮಾಡಲು ಶುರು ಮಾಡಿದೆ.

ಮೊದಲು ಎಲ್ಲರೂ ಹೇಳುವ ಹ್ಯಾಂಡ್ ಬ್ರೇಕ್ ಪರೀಕ್ಷೆ. ಸಮತಟ್ಟು ಜಾಗ, ಮುಂದೆ ಯಾರೂ ಇರಬಾರದು. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು, ಟಾಪ್ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಡಬೇಕು. ಎಂಜಿನ್ ಥಟ್ಟನೆ ಆಫ್ ಆದರೆ ಕ್ಲಚ್ ಹಿಡಿಯುತ್ತಿದೆ ಅಂತ. ಓಡುತ್ತಲೇ ಇದ್ದರೆ ಸ್ಲಿಪ್ ಆಗುತ್ತಿದೆ, ಅಂದರೆ ಹಿಡಿಯದೆ ಜಾರುತ್ತಿದೆ ಅಂತ. ನನ್ನ ಗಾಡಿ ಥಟ್ಟನೆ ಆಫ್ ಆಯಿತು! ಹಾಗಾದರೆ ಕ್ಲಚ್ ಚೆನ್ನಾಗಿಯೇ ಇದೆ ಅಂದುಕೊಂಡೆ. ಅಲ್ಲೇ ಮೋಸ ಹೋದೆ. ಪರೀಕ್ಷೆ ಮಾಡಿದ್ದು ಬೆಳಿಗ್ಗೆ, ಎಲ್ಲಾ ತಣ್ಣಗಿದ್ದಾಗ. ಸವೆದ ಕ್ಲಚ್ ಪ್ಲೇಟ್ ತಣ್ಣಗಿದ್ದಾಗ ಹಿಡಿಯುತ್ತದೆ, ಬಿಸಿಯಾದ ಮೇಲೆ ಜಾರುತ್ತದೆ.

ಅದಕ್ಕೆ ಘಾಟಿಯಲ್ಲೇ ನೋಡಿದೆ. ಆಗುಂಬೆಯಲ್ಲಿ 14 ತಿರುವು. ಆರೇಳು ತಿರುವು ದಾಟಿದ ಮೇಲೆ, ನೇರ ರಸ್ತೆ ಸಿಕ್ಕಾಗ, ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದೆ. 800ರಲ್ಲಿ ಆರ್‌ಪಿಎಂ ಮೀಟರ್ ಇಲ್ಲ, ಕಿವಿಯೇ ಮೀಟರ್. ಸದ್ದು ಏರುತ್ತಾ ಹೋಯಿತು, ಸ್ಪೀಡೋಮೀಟರ್ ಮುಳ್ಳು ಇದ್ದಲ್ಲೇ ಇತ್ತು. ಹಿಂದೆಯೇ ಸುಟ್ಟ ವಾಸನೆ. ಸ್ಲಿಪ್ ಆಗುವುದು ಖಚಿತವಾಯಿತು. ಇದನ್ನು ಒಂದೇ ಸಲ ಮಾಡಿ. ಜಾರಿದಷ್ಟೂ ಪ್ಲೇಟ್ ಇನ್ನೂ ಸವೆಯುತ್ತದೆ.

ಇಲ್ಲಿ ಕೇಬಲ್ ವಿಷಯ ಹೇಳಲೇಬೇಕು. ಪ್ಲೇಟ್ ಸವೆದಂತೆ ಪೆಡಲ್ ಸಡಿಲವಾಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. 800ರಂಥ ಕೇಬಲ್ ಕ್ಲಚ್ಚಿನಲ್ಲಿ ಆಗುವುದು ತಿರುಗುಮುರುಗು. ಸವೆದಂತೆ ಪೆಡಲಿನ ಫ್ರೀ ಪ್ಲೇ, ಅಂದರೆ ಕ್ಲಚ್ ಮೇಲೆ ಒತ್ತಡ ಬೀಳುವ ಮೊದಲು ಪೆಡಲ್ ಸುಮ್ನೆ ಆಡುವಷ್ಟು ಜಾಗ, ಕಡಿಮೆಯಾಗುತ್ತದೆ. ಅದು ಪೂರ್ತಿ ಹೋದರೆ, ಪೆಡಲ್ ಬಿಟ್ಟಿದ್ದರೂ ರಿಲೀಸ್ ಬೇರಿಂಗ್ (ಪೆಡಲ್ ತುಳಿದಾಗ ಕ್ಲಚ್ಚನ್ನು ಒತ್ತಿ ಬಿಡಿಸುವ ಭಾಗ) ಒತ್ತುತ್ತಲೇ ಇರುತ್ತದೆ. ಅಂದರೆ ಸದಾ ಹಾಫ್ ಕ್ಲಚ್ಚಿನಲ್ಲಿ ಓಡಿಸಿದ ಹಾಗೆ. ಸ್ಲಿಪ್ ಆಗುವ ಗಾಡಿಗೆ ಕೇಬಲ್ ಸಡಿಲ ಮಾಡಿ ನೋಡಬೇಕು, ಟೈಟ್ ಮಾಡಬಾರದು. ನಾನು ಗೇರ್ ಬಾಕ್ಸ್ ಕಡೆಯ ನಟ್ ಬಿಚ್ಚಿ, ಪೆಡಲ್ ಸುಮಾರು 2 ಸೆಂ.ಮೀ. ಸುಮ್ನೆ ಆಡುವಷ್ಟು ಸಡಿಲ ಬಿಟ್ಟೆ. ಕೆಲವು ದಿನ ಆರಾಮಾಗಿ ಓಡಿತು. ಆಮೇಲೆ ಮತ್ತೆ ಸ್ಲಿಪ್. ಪ್ಲೇಟೇ ಮುಗಿದಿದೆ ಅಂತ ಆಗ ಗೊತ್ತಾಯಿತು.

ಇನ್ನು ಆ ‘ಕರ್ರ್’. ಇದಕ್ಕೆ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗವಾದದ್ದು ಎಂಜಿನ್ ಆಫ್ ಮಾಡಿ ನೋಡುವ ಪರೀಕ್ಷೆ. ಕಾಸಿನ ಖರ್ಚಿಲ್ಲ, ಗಾಡಿಗೂ ಹಾನಿ ಇಲ್ಲ. ಎಂಜಿನ್ ಆಫ್ ಇದ್ದಾಗ ಕ್ಲಚ್ ತುಳಿದು ಎಲ್ಲಾ ಗೇರ್ ಹಾಕಿ ನೋಡಿ. ಆಮೇಲೆ ಸ್ಟಾರ್ಟ್ ಮಾಡಿ ಅದನ್ನೇ ಮಾಡಿ. ಆಫ್ ಇದ್ದಾಗ ಸಲೀಸಾಗಿ ಬಿದ್ದು, ಆನ್ ಇದ್ದಾಗ ಬಿಗಿಯಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅಂದರೆ ಎಂಜಿನ್ನನ್ನು ಗೇರ್ ಬಾಕ್ಸಿನಿಂದ ಬೇರೆ ಮಾಡುತ್ತಿಲ್ಲ. ಎರಡರಲ್ಲೂ ಬಿಗಿ ಇದ್ದರೆ ಗೇರ್ ಲಿವರಿನ ರಾಡ್, ಬುಶ್ ಅಥವಾ ಗೇರ್ ಬಾಕ್ಸ್ ನೋಡಬೇಕು. ಆಫ್ ಇದ್ದಾಗ ಒಂದು ಗೇರ್ ಬೀಳದಿದ್ದರೆ ಗಾಬರಿ ಬೇಡ. ಗಾಡಿಯನ್ನು ಸ್ವಲ್ಪ ಮುಂದೆ ಹಿಂದೆ ತಳ್ಳಿ, ಹಲ್ಲು ಕೂಡಿಕೊಳ್ಳುತ್ತದೆ.

ನನ್ನದರಲ್ಲಿ ಎರಡು ಸಲವೂ ಸಲೀಸು. ರಿವರ್ಸ್ ಗೇರ್ ಕೂಡ ನೋಡಿದೆ. ಅದಕ್ಕೆ ಸಿಂಕ್ರೊ (ವೇಗ ಹೊಂದಿಸಿ ಗೇರನ್ನು ಸದ್ದಿಲ್ಲದೆ ಕೂಡಿಸುವ ರಿಂಗ್) ಇಲ್ಲ, ಹಾಗಾಗಿ ಕ್ಲಚ್ ಬಿಡದಿದ್ದರೆ ಅಲ್ಲೇ ಮೊದಲು ಸದ್ದು ಬರುತ್ತದೆ. ಕ್ಲಚ್ ತುಳಿದು ಮೂರು ನಾಲ್ಕು ಸೆಕೆಂಡ್ ಕಾದು ಹಾಕಿದೆ. ಸದ್ದೇ ಇಲ್ಲ. ಹಾಗಾದರೆ ಎರಡನೇ ಗೇರಿನ ತೊಂದರೆ ಕ್ಲಚ್ಚಿನದಲ್ಲ. ಓಡಿಸುವಾಗ ಡಬಲ್ ಕ್ಲಚ್ ಮಾಡಿದೆ: ತುಳಿದು ನ್ಯೂಟ್ರಲ್, ಬಿಟ್ಟು ಸ್ವಲ್ಪ ಆಕ್ಸಿಲರೇಟರ್, ಮತ್ತೆ ತುಳಿದು ಎರಡನೇ ಗೇರ್. ಸದ್ದು ಮಾಯ! ಸಿಂಕ್ರೊ ಮಾಡಬೇಕಾದ ಕೆಲಸವನ್ನು ಡಬಲ್ ಕ್ಲಚ್ ಮಾಡಿತು. ಅಂದರೆ ಎರಡನೇ ಗೇರಿನ ಸಿಂಕ್ರೊ ರಿಂಗ್ ಸವೆದಿದೆ, ಅಷ್ಟೆ.

ಸದ್ದು ಕೇಳುವ ಪರೀಕ್ಷೆಯೂ ಇದೆ. ನ್ಯೂಟ್ರಲ್‌ನಲ್ಲಿ ಪೆಡಲ್ ತುಳಿದಾಗ ಮಾತ್ರ ಸದ್ದು ಬಂದರೆ ರಿಲೀಸ್ ಬೇರಿಂಗ್, ತುಳಿದಾಗ ನಿಂತರೆ ಗೇರ್ ಬಾಕ್ಸಿನ ಒಳಗಿನ ಬೇರಿಂಗ್ ಇರಬಹುದು. ನನ್ನದರಲ್ಲಿ ಎರಡೂ ಇರಲಿಲ್ಲ.

ಕ್ಲಚ್ ಸೆಟ್ ಹಾಕಿಸಿದೆ. ಹಳೇ ಪ್ಲೇಟ್ ಕೈಗೆ ತಗೊಂಡು ಬೆರಳಾಡಿಸಿದೆ. ರಿವೆಟ್ ತಲೆಗಳು ಲೈನಿಂಗಿನ (ಹಿಡಿತ ಕೊಡುವ ಪದರದ) ಮಟ್ಟಕ್ಕೇ ಬಂದಿದ್ದವು. ಗೇರ್ ಬಾಕ್ಸ್ ಇಳಿಸಿದಾಗಲೇ ಫ್ಲೈವೀಲ್ ಹಿಂದಿನ ಆಯಿಲ್ ಸೀಲ್ ನೋಡಿಸಿದೆ, ಸೋರಿಕೆ ಇರಲಿಲ್ಲ. ಸೀಲ್ ಸೋರಿದರೆ ಹೊಸ ಪ್ಲೇಟೂ ಜಾರುತ್ತದೆ. ಗೇರ್ ಆಯಿಲ್ ಬದಲಿಸಿ ಜಿಎಲ್-4 ದರ್ಜೆಯದು ಹಾಕಿಸಿದೆ. ಕೆಲವು ಜಿಎಲ್-5 ಆಯಿಲ್ ಹಿತ್ತಾಳೆಯ ಸಿಂಕ್ರೊ ರಿಂಗ್‌ಗೆ ಆಗಿಬರುವುದಿಲ್ಲ, ಡಬ್ಬಿ ನೋಡಿಯೇ ತಗೊಳ್ಳಿ. ಸದ್ದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಅದಕ್ಕಾಗಿ ಗೇರ್ ಬಾಕ್ಸ್ ಬಿಚ್ಚಿಸಲು ನನಗೆ ಮನಸ್ಸಿಲ್ಲ. ತಿರುವು ಬಂದಾಗ ಕ್ಲಚ್ ಎರಡು ಸಲ ತುಳಿಯುತ್ತೇನೆ, ಗೇರ್ ಬೆಣ್ಣೆಯ ಹಾಗೆ ಬೀಳುತ್ತದೆ.