ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕೀಬೋರ್ಡ್: ಇ71, ಬೋಲ್ಡ್, ಕರ್ವ್ ಮತ್ತು ಉಳಿದವು

ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಬಟನ್ ಕೀಬೋರ್ಡ್ ಇದ್ದ ಹಳೆ ಫೋನ್‌ಗಳಲ್ಲಿ ಬೆರಳಿಗೆ ಹಿತವಾದ ಕೀಬೋರ್ಡ್ ಅಂದರೆ ಬ್ಲ್ಯಾಕ್‌ಬೆರಿ ಬೋಲ್ಡ್ 9000ದು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಡಗಿನ ತೋಟಕ್ಕೆ ಒಂದೇ ಫೋನ್ ಸಾಕು, ಯಾವುದು ಬೇಕು ಅಂತ ಕೇಳಿದ್ದರೆ ನಾನು ನೋಕಿಯಾ ಇ71 ಎತ್ತಿಕೊಳ್ಳುತ್ತಿದ್ದೆ.

ಆ ಫೋನ್‌ಗಳ ಕಾಲದಲ್ಲಿ ನಾನು ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವ. ಸಾವ್ಕಾರ್ರು ಇದ್ದದ್ದು ಬೆಂಗಳೂರಿನಲ್ಲಿ. ಅವರಿಗೆ ಫೋನಿನ ಹುಚ್ಚು. ಹೊಸದು ಕೊಂಡಾಗಲೆಲ್ಲ ಹಳೆಯದನ್ನು "ರೈಟ್ರೇ, ಇದನ್ನ ಇಟ್ಕೊಳ್ಳಿ, ಲೆಕ್ಕ ಎಲ್ಲ ಮೇಲ್ ಮಾಡಿ" ಅಂತ ಕಳಿಸಿಬಿಡುತ್ತಿದ್ದರು. ಹೀಗೆ ಪಾಮ್ ಟ್ರಿಯೋ 650, ಇ71, ಬೋಲ್ಡ್ 9000, ಕರ್ವ್ 8520 ಒಂದಾದ ಮೇಲೊಂದು ನನ್ನ ಜೇಬಿಗೆ ಬಂದವು. ನೋಕಿಯಾ ಇ63 ಮಾತ್ರ ನನ್ನ ದುಡ್ಡಿನಲ್ಲಿ ಕೊಂಡದ್ದು.

ಆ ಕಾಲದ ಇಂಗ್ಲಿಷ್ ಪತ್ರಿಕೆಗಳ ವಿಮರ್ಶೆಯಲ್ಲಿ ಒಂದೇ ರಾಗ. ಉದ್ದುದ್ದ ಮೇಲ್ ಬರೆಯಲು ಯಾವುದು ಸಲೀಸು, ಅಷ್ಟೇ. ನಮ್ಮ ಕೆಲಸ ಬೇರೆ. ಸಂಜೆ ಆಳು ಬಿಟ್ಟ ಮೇಲೆ ಆಫೀಸಿಗೆ ಹೋಗಬೇಕಾದದ್ದು ಇಷ್ಟು: "ಆಳು 42, ಮಳೆ 1.35, ಡೀಸೆಲ್ 60." ಅದೂ ಇಂಗ್ಲಿಷ್ ಅಕ್ಷರದಲ್ಲಿ. ಕೊಯ್ಲಿನ ದಿನಗಳಲ್ಲಿ ಇದರ ಜೊತೆ ಯಾರು ಎಷ್ಟು ಕೆ.ಜಿ. ಕುಯ್ದರು ಎಂಬ ಪಟ್ಟಿ. ಕೊಡಗಿನಲ್ಲಿ ಮಳೆ ಲೆಕ್ಕ ಇವತ್ತಿಗೂ ಇಂಚು, ಸೆಂಟಲ್ಲೇ; ನೂರು ಸೆಂಟ್ ಅಂದರೆ ಒಂದು ಇಂಚು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದರೆ ಆ ರಾತ್ರಿ ಅಕ್ಕಪಕ್ಕದ ತೋಟದವರೆಲ್ಲ "ನಿಮ್ಮಲ್ಲಿ ಎಷ್ಟು ಸೆಂಟ್ ಆಯ್ತು?" ಅಂತ ಮೆಸೇಜ್ ಹಾಕುವವರೇ. ಹೀಗಾಗಿ ನನಗೆ ಕೀಬೋರ್ಡ್ ಅಂದರೆ ಅಕ್ಷರಕ್ಕಿಂತ ಜಾಸ್ತಿ ಅಂಕಿಯ ವಿಷಯ.

ಅಂಕಿ ವಿಷಯದಲ್ಲಿ ಈ ಎರಡು ಕಂಪನಿಗಳ ದಾರಿ ಬೇರೆ ಬೇರೆ. ಬ್ಲ್ಯಾಕ್‌ಬೆರಿಯಲ್ಲಿ ಅಂಕಿಗಳೆಲ್ಲ ಎಡಗಡೆ. ಡಬ್ಲ್ಯು, ಇ, ಆರ್ ಬಟನ್ ಮೇಲೆ 1, 2, 3. ಅದರ ಕೆಳಗೆ 4, 5, 6. ಅದಕ್ಕೂ ಕೆಳಗೆ 7, 8, 9. ಸೊನ್ನೆಗೆ ಸ್ಪೇಸ್ ಪಕ್ಕ ಬೇರೆಯೇ ಬಟನ್. ಇ71ರಲ್ಲಿ ಅಂಕಿಗಳು ಸರಿಯಾಗಿ ನಡುವೆ ಇವೆ. ಆರ್, ಟಿ, ವೈ ಸಾಲಿನಿಂದ ಶುರುವಾಗಿ ಕೆಳಕ್ಕೆ ಇಳಿಯುತ್ತವೆ.

ಇದರಲ್ಲೇನು ದೊಡ್ಡ ವಿಷಯ ಅಂತೀರಾ? ಜುಲೈ ತಿಂಗಳಲ್ಲಿ ತೋಟದ ನಡುವೆ ನಿಂತು ನೋಡಿ. ಎಡಗೈಯಲ್ಲಿ ಕೊಡೆ. ಫೋನ್ ಬಲಗೈಯಲ್ಲಿ. ಕೆಲಸ ಮಾಡಬೇಕಾದದ್ದು ಬಲಗೈ ಹೆಬ್ಬೆರಳು ಒಂದೇ. ಬೋಲ್ಡ್ 66 ಮಿಲಿಮೀಟರ್ ಅಗಲ. 1, 4, 7 ಮುಟ್ಟಬೇಕಾದರೆ ಹೆಬ್ಬೆರಳು ಇಡೀ ಫೋನ್ ದಾಟಿ ಆ ಕಡೆ ಹೋಗಬೇಕು. ಅಷ್ಟರಲ್ಲಿ ಫೋನ್ ಕೈಯಲ್ಲಿ ವಾಲುತ್ತದೆ. ಇ71 ಬರೀ 57 ಮಿಲಿಮೀಟರ್. ಅಂಕಿಯೂ ನಡುವೆಯೇ ಇರುವುದರಿಂದ ಹೆಬ್ಬೆರಳು ಚಾಚಬೇಕಾಗಿಲ್ಲ. ಅಂಕಿ ಬೇಕಾದರೆ ಆ ಬಟನ್ ಒಂಚೂರು ಒತ್ತಿ ಹಿಡಿದರಾಯ್ತು. ಉದ್ದ ಪಟ್ಟಿ ಇದ್ದರೆ ಎಫ್‌ಎನ್ ಬಟನ್ ಎರಡು ಸಲ ತಟ್ಟಿದರೆ ಎಲ್ಲವೂ ಅಂಕಿಯೇ. ಬ್ಲ್ಯಾಕ್‌ಬೆರಿಯಲ್ಲೂ ಆಲ್ಟ್ ಜೊತೆ ಎಡಗಡೆಯ ಶಿಫ್ಟ್ ಒತ್ತಿ ಅಂಕಿಗೆ ಲಾಕ್ ಮಾಡಬಹುದು. ಆದರೆ ಒಂದೇ ಕೈಯಲ್ಲಿ ಹಿಡಿದು ಆ ಎರಡನ್ನೂ ಒಟ್ಟಿಗೆ ಒತ್ತುವುದು ಸರ್ಕಸ್ಸೇ ಸರಿ.

ಮನೆಯ ಜಗಲಿಯಲ್ಲಿ ಕೂತು ಎರಡೂ ಕೈಯಲ್ಲಿ ಹಿಡಿದರೆ ಕಥೆಯೇ ಬೇರೆ. ಬೋಲ್ಡ್‌ನ ಬಟನ್ ಒಂದೊಂದೂ ಓರೆಯಾಗಿ ಎದ್ದಿದೆ. ಸಾಲಿಂದ ಸಾಲಿಗೆ ನಡುವೆ ಲೋಹದ ಗೆರೆ. ನೋಡದೆ ಬರೆದರೂ ಬೆರಳಿಗೆ ತಾನು ಎಲ್ಲಿದ್ದೇನೆ ಅಂತ ಗೊತ್ತಾಗುತ್ತದೆ. ಸ್ಪೇಸ್ ಎರಡು ಸಲ ಒತ್ತಿದರೆ ಪೂರ್ಣವಿರಾಮ ಬಿದ್ದು ಮುಂದಿನ ಅಕ್ಷರ ತಾನೇ ದೊಡ್ಡದಾಗುತ್ತದೆ. ಮೇಲ್ ವಿಳಾಸ ಬರೆಯುವಾಗ ಅದೇ ಸ್ಪೇಸ್ ಒತ್ತಿದರೆ ಅಟ್ ಚಿಹ್ನೆ ಬರುತ್ತದೆ, ಮತ್ತೊಮ್ಮೆ ಒತ್ತಿದರೆ ಚುಕ್ಕಿ. ಇಂಥ ಸಣ್ಣ ಸಣ್ಣ ಯೋಚನೆಯಲ್ಲಿ ಆ ಕಂಪನಿಯವರನ್ನು ಮೀರಿಸಿದವರಿಲ್ಲ. ಇ71ರ ಬಟನ್‌ಗಳು ಒಂದಕ್ಕೊಂದು ಒತ್ತಿಕೊಂಡಿವೆ. ಉಬ್ಬಿರುವುದರಿಂದ ತಪ್ಪು ಅಷ್ಟಾಗಿ ಬೀಳುವುದಿಲ್ಲ. ಆದರೂ ದಪ್ಪ ಬೆರಳಿನವರು ಬೈದುಕೊಂಡೇ ಬರೆಯಬೇಕು. ಕರ್ವ್ 8520ರ ಬಟನ್‌ಗಳು ಬಿಡಿ ಬಿಡಿ, ಬೀಜ ಸಾಲಾಗಿ ಅಂಟಿಸಿದ ಹಾಗೆ. ಅದೂ ಚೆನ್ನಾಗಿಯೇ ಇದೆ. ಬೋಲ್ಡ್‌ನಷ್ಟು ಸುಖ ಇಲ್ಲ, ಅಷ್ಟೇ.

ಟ್ರಿಯೋ 650 ಬಗ್ಗೆ ಜಾಸ್ತಿ ಹೇಳುವುದಿಲ್ಲ. 2004ರ ಫೋನ್, 178 ಗ್ರಾಂ, ತಲೆ ಮೇಲೆ ಮೊಂಡು ಆಂಟೆನಾ, ಪರದೆ ಒತ್ತಲು ಒಂದು ಕಡ್ಡಿ. ಪುಟಾಣಿ ಬಟನ್‌ಗಳು ನಗುವ ಬಾಯಿಯ ಆಕಾರದಲ್ಲಿ ಬಾಗಿವೆ. ಅದರ ತಲೆ ಮೇಲೆ ಒಂದು ಜಾರುವ ಸ್ವಿಚ್ ಇದೆ. ತಳ್ಳಿದರೆ ರಿಂಗ್ ಬಂದ್. ಅದೊಂದು ಮಾತ್ರ ಉಳಿದ ಎಲ್ಲ ಫೋನಿನಲ್ಲೂ ಇರಬೇಕಿತ್ತು ಅನ್ನಿಸುತ್ತದೆ. ಬ್ಯಾಟರಿ ಹೋದರೆ ಸಿದ್ದಾಪುರದಲ್ಲಿ ಸಿಗುವ ಮಾತೇ ಇಲ್ಲ. ಮೇಜಿನ ಡ್ರಾ ಸೇರಿತು.

ಈಗ ಬ್ಲ್ಯಾಕ್‌ಬೆರಿ ನಿಜವಾಗಿ ಗೆಲ್ಲುತ್ತಿದ್ದ ಜಾಗಕ್ಕೆ ಬರೋಣ. ನಮ್ಮ ತೋಟದಲ್ಲಿ ಸಿಗ್ನಲ್ ಅನ್ನುವುದು ತುಂಡು ತುಂಡು. ಕಣದಲ್ಲಿ ಅರ್ಧ ಕಡ್ಡಿ. ಆಳುಗಳ ಲೈನ್ ಮನೆ ಹತ್ತಿರ ಏನೂ ಇಲ್ಲ. ಗುಡ್ಡದ ಮೇಲಿನ ಬ್ಲಾಕಿಗೆ ಹೋದರೆ ಪೂರ್ತಿ. ಅದೂ ಬರೀ ಎಡ್ಜ್, ಅಂದರೆ 2ಜಿಯ ನಿಧಾನದ ಇಂಟರ್ನೆಟ್. ಇ71 ಮೇಲ್ ತರಬೇಕಾದರೆ ತಾನೇ ಸರ್ವರ್ ತನಕ ಹೋಗಿ, ಕೇಳಿ, ಇಳಿಸಿಕೊಂಡು ಬರಬೇಕಿತ್ತು. ನಡುವೆ ಸಿಗ್ನಲ್ ಕಡಿದರೆ ಮತ್ತೆ ಮೊದಲಿಂದ. ಆಫೀಸಿನವರು ಎಕ್ಸೆಲ್ ಹಾಳೆ ಕಳಿಸಿದರಂತೂ ಗೋಳು. ಬ್ಲ್ಯಾಕ್‌ಬೆರಿ ಹಾಗಲ್ಲ. ಮೇಲ್ ಮೊದಲು ಬ್ಲ್ಯಾಕ್‌ಬೆರಿ ಕಂಪನಿಯ ಸರ್ವರ್‌ಗೆ ಬರುತ್ತಿತ್ತು. ಅಲ್ಲೇ ಹಿಂಡಿ ಸಣ್ಣದು ಮಾಡಿ ಫೋನಿಗೆ ತಳ್ಳುತ್ತಿದ್ದರು. ಹಾಳೆ ಇದ್ದರೂ ಪೂರ್ತಿ ಇಳಿಸುತ್ತಿರಲಿಲ್ಲ, ನೋಡಲು ಬೇಕಾದಷ್ಟು ಮಾತ್ರ ಬರುತ್ತಿತ್ತು. ನಾವು ಬರೆದದ್ದೂ ಅಷ್ಟೇ. ಕಣದಲ್ಲಿ ಬರೆದು ಕಳಿಸಿ ಅಂತ ಒತ್ತಿದರೆ ಪಕ್ಕದಲ್ಲಿ ಸಣ್ಣ ಗಡಿಯಾರದ ಚಿತ್ರ ಕೂರುತ್ತಿತ್ತು. ಜೇಬಿಗೆ ಹಾಕಿಕೊಂಡು ಗುಡ್ಡ ಹತ್ತಿದರೆ ಅದರಷ್ಟಕ್ಕೆ ಹೋಗಿ, ಗಡಿಯಾರದ ಜಾಗದಲ್ಲಿ ಸರಿ ಗುರುತು ಬಂದಿರುತ್ತಿತ್ತು.

ಇನ್ನೊಂದು ಮಜಾ ಇತ್ತು. ಪರದೆಯ ಮೂಲೆಯಲ್ಲಿ ಎಡ್ಜ್ ಅಂತ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಇದ್ದರೆ ಮೇಲ್ ಹೋಗುತ್ತಿತ್ತು. ಸಣ್ಣ ಅಕ್ಷರಕ್ಕೆ ಇಳಿದರೆ ಕಾಲ್ ಮಾತ್ರ. ಕಡ್ಡಿ ಎಷ್ಟಿದೆ ಅಂತ ನೋಡುವುದನ್ನೇ ಬಿಟ್ಟು ನಾನು ಆ ಅಕ್ಷರ ನೋಡುವುದನ್ನು ರೂಢಿ ಮಾಡಿಕೊಂಡಿದ್ದೆ. ಕರ್ವ್ 8520ರಲ್ಲಿ 3ಜಿ ಇಲ್ಲ ಅಂತ ಪಟ್ಟಣದವರು ಮೂಗು ಮುರಿಯುತ್ತಿದ್ದರು. ನಮ್ಮಲ್ಲಿ 3ಜಿಯೇ ಇಲ್ಲದ ಮೇಲೆ ಅದರಿಂದ ಏನು ನಷ್ಟ? ಬೋಲ್ಡ್ ಮತ್ತು ಇ71ರಲ್ಲಿ ಇದ್ದರೂ ನಾನು ಸೆಟ್ಟಿಂಗ್‌ನಲ್ಲಿ 2ಜಿ ಮಾತ್ರ ಅಂತ ಕಟ್ಟಿಹಾಕಿದ್ದೆ. ಇಲ್ಲದಿದ್ದರೆ ಇಲ್ಲದ 3ಜಿ ಹುಡುಕಿ ಹುಡುಕಿ ಬ್ಯಾಟರಿ ಖಾಲಿ.

ಆದರೆ ಈ ಸುಖಕ್ಕೆಲ್ಲ ತಿಂಗಳ ಬಾಡಿಗೆ. ಸಿಮ್‌ಗೆ ಬ್ಲ್ಯಾಕ್‌ಬೆರಿ ಪ್ಲಾನ್ ಬೇರೆ ಹಾಕಿಸಬೇಕಿತ್ತು. ಬಿಲ್ ಕಟ್ಟುವುದು ತಡವಾಗಿ ಪ್ಲಾನ್ ನಿಂತಿತೋ, ಮೇಲ್ ನಿಂತಿತು, ಬ್ಲ್ಯಾಕ್‌ಬೆರಿಯವರದೇ ಮೆಸೇಜ್ ಸೇವೆ ಬಿಬಿಎಂ ನಿಂತಿತು. ಕೈಯಲ್ಲಿ ಉಳಿದದ್ದು ಒಂದು ದುಬಾರಿ ಮಾಮೂಲಿ ಫೋನ್. 2010ರಲ್ಲಿ ಕೇಂದ್ರ ಸರ್ಕಾರ ಬ್ಲ್ಯಾಕ್‌ಬೆರಿ ಸಂದೇಶಗಳನ್ನು ನೋಡಲು ಬಿಡಿ, ಇಲ್ಲದಿದ್ದರೆ ಸೇವೆ ಬಂದ್ ಅಂತ ಆಗಸ್ಟ್ 31ರ ಗಡುವು ಕೊಟ್ಟಿತ್ತು. ನಮ್ಮ ಆಳಿನ ಲೆಕ್ಕ ಓದಿ ದೆಹಲಿಯವರಿಗೆ ಏನಾಗಬೇಕು ಅಂತ ನಾವು ನಕ್ಕಿದ್ದೆವು. ಆದರೂ ಒಳಗೊಳಗೇ ಒಂದು ಪುಕಪುಕ. ಕೊನೆಗೆ ಸೇವೆ ನಿಲ್ಲಲಿಲ್ಲ. ಇ71ಗೆ ಇಂಥ ರಗಳೆ ಇರಲಿಲ್ಲ. ಆಗ ಯಾವ ಸಿಮ್ ಹಾಕಿದರೂ, ಮಾಮೂಲಿ ಜಿಪಿಆರ್‌ಎಸ್ ಇಂಟರ್ನೆಟ್ ಇದ್ದರೂ ಸಾಕಿತ್ತು. ನಿಧಾನ, ಆದರೆ ಯಾರ ಹಂಗೂ ಇಲ್ಲ.

ಇನ್ನು ಕರೆಂಟ್. ಮಳೆಗಾಲದಲ್ಲಿ ಎಲ್ಲೋ ಒಂದು ಮರ ತಂತಿ ಮೇಲೆ ಬಿತ್ತು ಅಂದರೆ ನಮಗೆ ಕತ್ತಲೆಯೇ ಗತಿ. ನಾನು ಇ71 ಕಡೆ ವಾಲಿದ್ದು ಮುಖ್ಯವಾಗಿ ಇಲ್ಲಿ. ಅದರದ್ದೂ ಬೋಲ್ಡ್‌ನದ್ದೂ 1500 ಎಂಎಎಚ್ ಬ್ಯಾಟರಿ, ಕರ್ವ್‌ನದ್ದು 1150. ಒಂದೇ ಅಳತೆ ಆದರೂ ನನ್ನ ಕೈಯಲ್ಲಿ ಇ71 ಬೋಲ್ಡ್‌ಗಿಂತ ತುಂಬಾ ಹೊತ್ತು ಬರುತ್ತಿತ್ತು. ಬೋಲ್ಡ್‌ನ ಪರದೆ 480ಕ್ಕೆ 320 ಚುಕ್ಕಿಯದು, ನೋಡಲು ಬಲು ಚಂದ. ಆ ಚಂದಕ್ಕೂ ಬ್ಯಾಟರಿ ಬೇಕಲ್ಲ. ಅದಕ್ಕಿಂತ ದೊಡ್ಡ ವಿಷಯ, ನೋಕಿಯಾದ ಸಣ್ಣ ಪಿನ್ ಚಾರ್ಜರ್ ಲೈನ್ ಮನೆಯಲ್ಲೂ ಇತ್ತು, ಜೀಪಲ್ಲೂ ಇತ್ತು, ಗೋಣಿಕೊಪ್ಪದ ಹೋಟೆಲ್ ಗಲ್ಲಾದಲ್ಲೂ ಇತ್ತು. ಬಿಪಿ-4ಎಲ್ ಬ್ಯಾಟರಿಯೂ ಪೇಟೆಯ ಮೊಬೈಲ್ ಅಂಗಡಿಯಲ್ಲಿ ಸಿಗುತ್ತಿತ್ತು. ಒಂದು ಹೆಚ್ಚುವರಿ ಇಟ್ಟುಕೊಂಡರೆ ನಿಶ್ಚಿಂತೆ.

ಅದೇ ಬ್ಯಾಟರಿ ಇ63ಗೂ ಆಗುತ್ತದೆ. ಈ ಇ63 ಅನ್ನುವುದು ಇ71ರ ಬಡ ತಮ್ಮ. ಸ್ಟೀಲ್ ಬದಲು ಪ್ಲಾಸ್ಟಿಕ್, ಜಿಪಿಎಸ್ ಇಲ್ಲ, ಕ್ಯಾಮೆರಾ 2 ಮೆಗಾಪಿಕ್ಸೆಲ್. ಆದರೆ ಕೀಬೋರ್ಡ್ ಸ್ವಲ್ಪ ಸಡಿಲ, ನನ್ನ ಬೆರಳಿಗೆ ಇ71ಗಿಂತ ಹೊಂದುತ್ತಿತ್ತು. ಸ್ಪೇಸ್ ಒತ್ತಿ ಹಿಡಿದರೆ ಟಾರ್ಚ್ ಹತ್ತುತ್ತದೆ. ಮಾಮೂಲಿ ಇಯರ್‌ಫೋನ್ ಸಿಕ್ಕಿಸಬಹುದು. ಇ71ರಲ್ಲಿ ಆ ತೂತೂ ಸಣ್ಣ, 2.5 ಮಿಲಿಮೀಟರ್. ಹಾಗಾದರೆ ಇ63 ಯಾಕೆ ಗೆಲ್ಲಲಿಲ್ಲ? ಕ್ಯಾಮೆರಾದಿಂದ. ಕಾಂಡಕೊರಕ ಬಿದ್ದ ಗಿಡದ್ದೋ ಕಾಯಿಕೊರಕ ಕೊರೆದ ಹಣ್ಣಿನದ್ದೋ ಫೋಟೋ ಕಳಿಸಬೇಕಾದರೆ ಹತ್ತಿರದಿಂದ ತೆಗೆಯಬೇಕು. ಇ63ಗೆ ಫೋಕಸ್ ಮಾಡಲು ಬರುವುದಿಲ್ಲ, ಎಲ್ಲ ಮಸುಕು. ಇ71ರಲ್ಲಿ ಟಿ ಬಟನ್ ಒತ್ತಿದರೆ ಫೋಕಸ್ ಆಗುತ್ತದೆ. ಹಣ್ಣಿನ ತುದಿಯ ಆ ಸೂಜಿ ತೂತು ಕಾಣುವಷ್ಟು ಬರುತ್ತಿತ್ತು.

ಮಳೆ ಅಂದಮೇಲೆ ಬೂಷ್ಟು ಬಂದೇ ಬರುತ್ತದೆ. ಬೋಲ್ಡ್‌ನ ಬೆನ್ನಿಗೆ ಚರ್ಮದ ಥರದ ಹೊದಿಕೆ. ಬೆಂಗಳೂರಿನಲ್ಲಿ ಅದು ಗತ್ತು. ನಮ್ಮಲ್ಲಿ ಆಷಾಢ ಮುಗಿಯುವಷ್ಟರಲ್ಲಿ ಬೆಲ್ಟು, ಚಪ್ಪಲಿ ಜೊತೆ ಅದನ್ನೂ ಒರೆಸಬೇಕು. ಹಿಡಿತ ಮಾತ್ರ ಚೆನ್ನಾಗಿ ಸಿಗುತ್ತದೆ. ಇ71ರ ಸ್ಟೀಲ್ ಬೆನ್ನು ಬೆಳಿಗ್ಗೆ ಹೊತ್ತು ತಣ್ಣಗೆ ಕೊರೆಯುತ್ತದೆ, ಒದ್ದೆ ಕೈಯಲ್ಲಿ ಜಾರುತ್ತದೆ. ಬೋಲ್ಡ್‌ನ ನಡುವೆ ಇರುವ ಪುಟ್ಟ ಉರುಳುವ ಗೋಲಿಗೆ ಬೆರಳಿನ ಎಣ್ಣೆ, ಧೂಳು ಆಗಿಬರುವುದಿಲ್ಲ. ಮೇಲೆ ಹೋಗುತ್ತದೆ, ಕೆಳಗೆ ಬರಲ್ಲ. 2009ರ ಕರ್ವ್ 8520ರಲ್ಲಿ ಅದನ್ನು ತೆಗೆದು ಸವರುವ ಪ್ಯಾಡ್ ಹಾಕಿದ್ದು ದೊಡ್ಡ ಉಪಕಾರ.

2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಐಫೋನ್ ತೋರಿಸುವಾಗ ಟ್ರಿಯೋ, ಬ್ಲ್ಯಾಕ್‌ಬೆರಿ, ಮೋಟೊ ಕ್ಯೂ, ನೋಕಿಯಾ ಇ62 ನಾಲ್ಕನ್ನೂ ಪರದೆ ಮೇಲೆ ಹಾಕಿ, ಬೇಕಾದರೂ ಬೇಡವಾದರೂ ಈ ಬಟನ್‌ಗಳು ಅಲ್ಲೇ ಕೂತಿರುತ್ತವೆ ಅಂತ ಆಡಿಕೊಂಡಿದ್ದರು. ಸರಿಯಾದ ಮಾತೇ. ಆದರೆ ಗಾಜಿನ ಮೇಲೆ ನಾಲ್ಕು ಹನಿ ಬಿದ್ದರೆ ಟಚ್ ಸ್ಕ್ರೀನ್ ಹೇಗೆ ತಲೆ ಕೆಟ್ಟವರ ಹಾಗೆ ಆಡುತ್ತದೆ ಅಂತ ನಮ್ಮೂರಿನವರನ್ನು ಕೇಳಿ. ಬಟನ್‌ಗೆ ಒದ್ದೆ ಬೆರಳೂ ಒಂದೇ, ಒಣ ಬೆರಳೂ ಒಂದೇ.

ಕನ್ನಡದ ವಿಷಯದಲ್ಲಿ ಎಲ್ಲರೂ ಫೇಲ್. ಕನ್ನಡ ಮೇಲ್ ಬಂದರೆ ನನಗೆ ಕಂಡದ್ದು ಸಾಲು ಸಾಲು ಚೌಕ. ಪೇಪರ್ ಓದಲು ಒಪೆರಾ ಮಿನಿ ಅನ್ನುವ ಬ್ರೌಸರ್ ಹಾಕಿಕೊಂಡು, ಅದರ ಕಾನ್ಫಿಗ್ ಪುಟದಲ್ಲಿ ಅಕ್ಷರಗಳನ್ನು ಚಿತ್ರವಾಗಿ ತೋರಿಸುವ ಆಯ್ಕೆಗೆ ಎಸ್ ಅನ್ನಬೇಕಿತ್ತು. ಆಗ ಕನ್ನಡ ಮೂಡುತ್ತಿತ್ತು, ಸ್ವಲ್ಪ ಮಂಜು ಮಂಜಾಗಿ.

ಇವತ್ತು ಇವನ್ನು ಹುಡುಕಿ ಕೊಳ್ಳುವವರೂ ಇದ್ದಾರೆ, ಸುಮ್ನೆ ಆಸೆಗೆ. ಹಳೆ ಬ್ಲ್ಯಾಕ್‌ಬೆರಿ ಬೇಡ ಅಂತೀನಿ. ಆ ಸರ್ವರ್ ಸೇವೆಯನ್ನು ಕಂಪನಿಯೇ 2022ರ ಜನವರಿ 4ಕ್ಕೆ ನಿಲ್ಲಿಸಿತು. ಅದಿಲ್ಲದೆ ಬೋಲ್ಡ್‌ನಲ್ಲಿ ಉಳಿಯುವುದು ಒಳ್ಳೆಯ ಬಟನ್‌ಗಳು ಮಾತ್ರ. ಇ71ರಲ್ಲೂ ವಾಟ್ಸಾಪ್ 2017ರಲ್ಲೇ ಹೋಯಿತು, ಈಗಿನ ಮೇಲ್ ಸರ್ವರ್‌ಗಳೂ ಅದನ್ನು ಒಳಗೆ ಬಿಡುವುದಿಲ್ಲ. ಆದರೆ 2ಜಿ ಇರುವ ಸಿಮ್ ಹಾಕಿದರೆ ಕಾಲ್, ಮೆಸೇಜ್ ನಡೆಯುತ್ತದೆ. ಜಿಯೋಗೆ 2ಜಿ ಇಲ್ಲ, ಆ ಸಿಮ್ ಹಾಕಿ ಪ್ರಯೋಜನವಿಲ್ಲ. ಕೊಳ್ಳುವ ಮುಂಚೆ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಉಬ್ಬಿದೆಯಾ ನೋಡಿ. ಒಂದು ಮೆಸೇಜ್ ತೆರೆದು ಎಲ್ಲ ಬಟನ್ ಒಮ್ಮೆ ಒತ್ತಿ ನೋಡಿ, ಅಂಕಿಯವನ್ನಂತೂ ಬಿಡಬೇಡಿ. ಸಣ್ಣ ಪಿನ್ ಚಾರ್ಜರ್ ಜೊತೆಗೇ ಕೇಳಿ ಇಸ್ಕೊಳ್ಳಿ, ಯುಎಸ್‌ಬಿಯಿಂದ ಇ71 ಚಾರ್ಜ್ ಆಗಲ್ಲ.